ಆಲ್ಬನಿಯ ಕೊನೆಯ ತಿಮಿಂಗಿಲ



ಈ ಸಲದ ಇತಿಹಾಸದ ಪುಟದಲ್ಲಿ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗುತ್ತೇನೆ. ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದಿಂದ ಸುಮಾರು 400 ಕಿಲೋಮೀಟರ್ ದೂರದಲ್ಲಿ, ದಕ್ಷಿಣದ ಕಡಲಂಚಿನಲ್ಲಿ ಆಲ್ಬನಿ ಎಂಬ ಊರಿದೆ. 1978ರ ನವೆಂಬರ್ 20ರಂದು ಅಲ್ಲಿನ ಬೇಟೆ ಹಡಗೊಂದು ಒಂದು ಹೆಣ್ಣು ಸ್ಪರ್ಮ್ ತಿಮಿಂಗಿಲವನ್ನು ಕೊಂದಿತು. ಮರುದಿನ ಅಲ್ಲಿನ ಕಾರ್ಖಾನೆ ಬಾಗಿಲು ಹಾಕಿತು. ಚೇನ್ಸ್ ಬೀಚ್ ವೇಲಿಂಗ್ ಕಂಪನಿಗೆ ಸೇರಿದ ಆ ಕಾರ್ಖಾನೆ ಆಸ್ಟ್ರೇಲಿಯಾದ ಕಟ್ಟಕಡೆಯ ತಿಮಿಂಗಿಲ ಕಾರ್ಖಾನೆಯಾಗಿತ್ತು.

ನಿಲ್ಲಿಸಿದವರು ಯಾರು ಎಂದು ಕೇಳಿದರೆ ಹೆಚ್ಚಿನವರು 'ಸರ್ಕಾರ' ಎನ್ನುತ್ತಾರೆ, ಕೆಲವರು 'ಚಳವಳಿಗಾರರು' ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಆ ದಿನ ಬಾಗಿಲು ಹಾಕಿಸಿದ್ದು ಕಂಪನಿಯ ಲೆಕ್ಕದ ಪುಸ್ತಕ. ಎಣ್ಣೆಗೆ ಮಾರುಕಟ್ಟೆ ಕುಸಿದಿತ್ತು, ಖರ್ಚು ಏರಿತ್ತು. ಹಾಗಿದ್ದರೆ ಮುಚ್ಚಿಹೋದ ಅಂಗಡಿಗೆ ಸರ್ಕಾರ ಮತ್ತೆ ಕಾನೂನಿನ ಬೀಗ ಏಕೆ ಜಡಿಯಿತು? ಇಂದು ಹೇಳಹೊರಟಿರುವುದು ಆ ಬೀಗದ ಕಥೆಯನ್ನೇ.

ಎಣ್ಣೆಯ ಕಾಲ

ತಿಮಿಂಗಿಲ ಮೀನಲ್ಲ ಎಂಬುದು ನಿಮಗೆಲ್ಲ ಗೊತ್ತು. ಮರಿ ಹಾಕಿ ಹಾಲೂಡಿಸುವ, ನಮ್ಮಂತೆಯೇ ಬಿಸಿರಕ್ತದ ಪ್ರಾಣಿ ಅದು. ಉಸಿರಿಗಾಗಿ ನೀರಿನ ಮೇಲೆ ಬರಲೇಬೇಕು. ಬೇಟೆಗಾರನಿಗೆ ಅನುಕೂಲವಾದದ್ದೂ ಅದೇ. ಅದರ ಚರ್ಮದಡಿಯ ದಪ್ಪ ಕೊಬ್ಬನ್ನು ಕುದಿಸಿದರೆ ಎಣ್ಣೆ ಬರುತ್ತದೆ. ವಿದ್ಯುತ್ತು ಬರುವ ಮೊದಲು ಯೂರೋಪು, ಅಮೆರಿಕಗಳ ದೀಪ ಉರಿದದ್ದು ಈ ಎಣ್ಣೆಯಿಂದ. ಮುಂದೆ ಅದು ಸಾಬೂನಿಗೆ, ಮಾರ್ಗರಿನ್‌ಗೆ ಹೋಯಿತು. ಸ್ಪರ್ಮ್ ತಿಮಿಂಗಿಲದ ಎಣ್ಣೆಯಂತೂ ಸೂಕ್ಷ್ಮ ಯಂತ್ರಗಳಿಗೆ, ಚರ್ಮ ಹದ ಮಾಡುವ ಉದ್ಯಮಕ್ಕೆ ಬಲು ಬೇಕಾದ ವಸ್ತುವಾಗಿತ್ತು.

ಅಂದ ಹಾಗೆ, ಈ ಸ್ಪರ್ಮ್ ತಿಮಿಂಗಿಲದ ಪರಿಚಯ ನಿಮಗೆ ಇನ್ನೊಂದು ರೀತಿಯಲ್ಲಿ ಇದ್ದೀತು. ಬೆಂಗಳೂರಿನಲ್ಲೋ ಮುಂಬೈಯಲ್ಲೋ 'ತಿಮಿಂಗಿಲದ ವಾಂತಿ' ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿರುತ್ತದಲ್ಲ? ಆ ಅಂಬರ್‌ಗ್ರಿಸ್ ಹುಟ್ಟುವುದು ಈ ಪ್ರಾಣಿಯ ಕರುಳಿನಲ್ಲಿ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದರ ವ್ಯಾಪಾರ ಅಪರಾಧ.

ಹಾಯಿಹಡಗಿನ ಕಾಲದಲ್ಲಿ ಬೇಟೆಗೆ ಒಂದು ಮಿತಿಯಿತ್ತು. ನೀಲಿ ತಿಮಿಂಗಿಲದಂಥ ವೇಗದ ಪ್ರಾಣಿಗಳನ್ನು ಹಿಂಬಾಲಿಸಿ ಹಿಡಿಯುವುದು ಆಗುತ್ತಿರಲಿಲ್ಲ. 1860ರ ದಶಕದಲ್ಲಿ ನಾರ್ವೆಯ ಸ್ವೆಂಡ್ ಫಾಯ್ನ್ ಎಂಬಾತ ಹಬೆಹಡಗಿನ ಮೂತಿಗೆ ಫಿರಂಗಿ ಕೂರಿಸಿ, ತುದಿಯಲ್ಲಿ ಸ್ಫೋಟಕವಿದ್ದ ಈಟಿಯನ್ನು ಹಾರಿಸುವ ವಿಧಾನವನ್ನು ರೂಢಿಗೆ ತಂದ. 1925ರ ಹೊತ್ತಿಗೆ ಸತ್ತ ಪ್ರಾಣಿಯನ್ನು ಹಿಂಬದಿಯ ಇಳಿಜಾರಿನಿಂದ ಮೇಲಕ್ಕೆಳೆದು ಅಲ್ಲೇ ಕತ್ತರಿಸಿ ಕುದಿಸುವ ಕಾರ್ಖಾನೆ ಹಡಗುಗಳು ಬಂದವು. ಇನ್ನು ದಡದ ಹಂಗೇ ಬೇಕಾಗಲಿಲ್ಲ. 1930-31ರ ಒಂದೇ ಹಂಗಾಮಿನಲ್ಲಿ ಅಂಟಾರ್ಕ್ಟಿಕ್ ಸಮುದ್ರದಲ್ಲಿ 29 ಸಾವಿರಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳು ಸತ್ತವು. ಭೂಮಿಯ ಮೇಲೆ ಇದುವರೆಗೆ ಹುಟ್ಟಿದ ಪ್ರಾಣಿಗಳಲ್ಲೇ ಅತಿ ದೊಡ್ಡದು ಎನಿಸಿಕೊಂಡದ್ದರ ಗತಿ ಇದು.

ಬೇಟೆಗಾರರದೇ ಆಯೋಗ

ಹೀಗೇ ಬಿಟ್ಟರೆ ಉದ್ಯಮವೇ ಉಳಿಯುವುದಿಲ್ಲ ಎಂದು ದೇಶಗಳಿಗೆ ಅರಿವಾಯಿತು. 1946ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಒಂದು ಒಪ್ಪಂದವಾಯಿತು. ಅದರಿಂದ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ ಹುಟ್ಟಿತು. ಆಸ್ಟ್ರೇಲಿಯಾ ಮೊದಲಿನಿಂದಲೂ ಅದರ ಸದಸ್ಯ. ಆದರೆ ಗಮನಿಸಿ, ಒಪ್ಪಂದದ ಉದ್ದೇಶ ತಿಮಿಂಗಿಲವನ್ನು ಉಳಿಸುವುದಷ್ಟೇ ಆಗಿರಲಿಲ್ಲ, ಬೇಟೆ ಉದ್ಯಮ ಕ್ರಮಬದ್ಧವಾಗಿ ಬೆಳೆಯಬೇಕೆಂಬುದೂ ಅದರಲ್ಲಿತ್ತು. ಸದಸ್ಯರಲ್ಲಿ ಹೆಚ್ಚಿನವರು ಬೇಟೆಯಾಡುವ ದೇಶಗಳೇ.

ಆಯೋಗ ಲೆಕ್ಕ ಹಾಕಿದ ರೀತಿಯನ್ನು ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. ಅಂಟಾರ್ಕ್ಟಿಕ್ ಬೇಟೆಗೆ 'ನೀಲಿ ತಿಮಿಂಗಿಲ ಘಟಕ' ಎಂಬ ಅಳತೆಯನ್ನು ಬಳಸಿದರು. ಒಂದು ನೀಲಿ ಎಂದರೆ ಎರಡು ಫಿನ್, ಅಥವಾ ಎರಡೂವರೆ ಗೂನು ತಿಮಿಂಗಿಲ, ಅಥವಾ ಆರು ಸೇ ತಿಮಿಂಗಿಲ. ಹಂಗಾಮಿಗೆ ಇಂಥ 16,000 ಘಟಕಗಳು. ಯಾವ ಜಾತಿ ಎಷ್ಟು ಉಳಿದಿದೆ ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಎಣ್ಣೆ ಎಷ್ಟು ಸಿಕ್ಕೀತು ಎಂಬುದೊಂದೇ ಅಳತೆ. ಒಂದೇ ಈಟಿಗೆ ಒಂದಿಡೀ ಘಟಕ ಸಿಗುವುದಾದರೆ ಯಾರು ತಾನೇ ಸಣ್ಣದರ ಹಿಂದೆ ಹೋಗುತ್ತಾರೆ? ದೊಡ್ಡದು ಮೊದಲು ಮುಗಿಯಿತು, ಆಮೇಲೆ ಅದಕ್ಕಿಂತ ಸಣ್ಣದು. ಈ ಅಳತೆಯನ್ನು ಕೈಬಿಟ್ಟದ್ದು 1972ರಲ್ಲಿ.

ಆಸ್ಟ್ರೇಲಿಯಾದ ದಡದಲ್ಲೂ ಇದೇ ಆಯಿತು. ಪ್ರತಿ ಚಳಿಗಾಲಕ್ಕೆ ಗೂನು ತಿಮಿಂಗಿಲಗಳು ಅಂಟಾರ್ಕ್ಟಿಕ್‌ನಿಂದ ಹೊರಟು ಆಸ್ಟ್ರೇಲಿಯಾದ ಎರಡೂ ಕರಾವಳಿಗಳ ಬದಿಯಲ್ಲಿ ಉತ್ತರಕ್ಕೆ ಈಜಿ, ಬೆಚ್ಚನೆಯ ನೀರಿನಲ್ಲಿ ಮರಿ ಹಾಕುತ್ತವೆ. ವರ್ಷ ವರ್ಷವೂ ಅದೇ ದಾರಿ. ಆ ದಾರಿಯ ಪಕ್ಕದಲ್ಲೇ ಕಾರ್ಖಾನೆಗಳು ಎದ್ದವು. ಪೂರ್ವದಲ್ಲಿ ಬ್ರಿಸ್ಬೇನ್ ಹತ್ತಿರದ ಟಂಗಲೂಮ, ಅದರ ದಕ್ಷಿಣಕ್ಕೆ ಬೈರನ್ ಬೇ. ಪಶ್ಚಿಮದಲ್ಲಿ ಕಾರ್ನಾರ್ವನ್, ಆಲ್ಬನಿ. ಟಂಗಲೂಮ ಒಂದರಲ್ಲೇ 1952ರಿಂದ 1962ರವರೆಗೆ 6 ಸಾವಿರಕ್ಕೂ ಹೆಚ್ಚು ಗೂನು ತಿಮಿಂಗಿಲಗಳನ್ನು ಕತ್ತರಿಸಿದರು. ಆಮೇಲೆ ಅದು ಮುಚ್ಚಿತು. ಯಾರೂ ನಿಷೇಧ ಹೇರಲಿಲ್ಲ, ಬೇಟೆಗೆ ಪ್ರಾಣಿಯೇ ಸಿಗಲಿಲ್ಲ. ದಕ್ಷಿಣ ಗೋಳಾರ್ಧದಲ್ಲಿ ಗೂನು ತಿಮಿಂಗಿಲದ ಬೇಟೆಯನ್ನು ಆಯೋಗ ನಿಷೇಧಿಸಿದ್ದು 1963ರಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿ ಇದೆಯಲ್ಲ, ಹಾಗೆ.

ಅಷ್ಟು ಬೇಗ ಹೇಗೆ ಮುಗಿದವು ಎಂಬುದು ಆಗ ಒಗಟಾಗಿತ್ತು. ಉತ್ತರ ಸಿಕ್ಕಿದ್ದು ಮೂವತ್ತು ವರ್ಷಗಳ ನಂತರ. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1990ರ ದಶಕದ ಮೊದಲ ಭಾಗದಲ್ಲಿ, ರಷ್ಯದ ವಿಜ್ಞಾನಿ ಅಲೆಕ್ಸಿ ಯಾಬ್ಲೊಕೊವ್ ಮತ್ತು ಹಿಂದೆ ಆ ಹಡಗುಗಳಲ್ಲೇ ಕೆಲಸ ಮಾಡಿದ್ದ ವಿಜ್ಞಾನಿಗಳು ಗುಟ್ಟನ್ನು ಬಿಚ್ಚಿಟ್ಟರು. ದಕ್ಷಿಣ ಗೋಳಾರ್ಧದಲ್ಲಿ ಸುಮಾರು 2,700 ಗೂನು ತಿಮಿಂಗಿಲಗಳನ್ನು ಕೊಂದಿದ್ದೇವೆ ಎಂದು ಸೋವಿಯತ್ ಹಡಗುಗಳು ಆಯೋಗಕ್ಕೆ ಲೆಕ್ಕ ಕೊಟ್ಟಿದ್ದವು. ನಿಜವಾಗಿ ಕೊಂದದ್ದು 48 ಸಾವಿರಕ್ಕೂ ಹೆಚ್ಚು!

ಇದೆಲ್ಲ ಎಲ್ಲೋ ದೂರದ ಮಾತು ಎನ್ನಬೇಡಿ. ಮರೀನ್ ಡ್ರೈವ್‌ನಲ್ಲಿ ನಿಂತು ನೋಡುವ ನಮ್ಮ ಅರಬ್ಬಿ ಸಮುದ್ರದಲ್ಲೂ ಗೂನು ತಿಮಿಂಗಿಲಗಳಿವೆ. ಉಳಿದವುಗಳಂತೆ ಅಂಟಾರ್ಕ್ಟಿಕ್‌ಗೆ ವಲಸೆ ಹೋಗದೆ ವರ್ಷವಿಡೀ ಇಲ್ಲೇ ಇರುವ ವಿಶಿಷ್ಟ ಬಳಗ ಅದು. 1966ರಲ್ಲಿ ಇದೇ ಸೋವಿಯತ್ ಹಡಗುಗಳು ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಕಡಲಾಚೆ ಅಂಥ ಇನ್ನೂರಕ್ಕೂ ಹೆಚ್ಚು ತಿಮಿಂಗಿಲಗಳನ್ನು ಗುಟ್ಟಾಗಿ ಕೊಂದವು. ಈಗ ಒಮಾನ್ ಕಡಲಿನಲ್ಲಿ ಉಳಿದಿರುವುದು ನೂರಕ್ಕಿಂತ ಕಡಿಮೆ ಎಂದು ಅಂದಾಜು.

ಒಂದು ಹಾಡಿನ ತಟ್ಟೆ

ಇನ್ನು ಜನರ ಮನಸ್ಸು ಬದಲಾದ ಬಗೆ. ಧ್ವನಿಯನ್ನೇ ನಂಬಿ ಬದುಕುವ ನಮ್ಮಂಥವರಿಗೆ ಈ ಭಾಗ ವಿಶೇಷ. ಬರ್ಮುಡಾ ದ್ವೀಪದ ಬಳಿ ಅಮೆರಿಕದ ನೌಕಾಪಡೆಗಾಗಿ ನೀರಿನಡಿಯ ಸದ್ದನ್ನು ಆಲಿಸುತ್ತಿದ್ದ ಫ್ರಾಂಕ್ ವಾಟ್ಲಿಂಗ್ಟನ್ ಎಂಬ ಎಂಜಿನಿಯರ್‌ಗೆ ವಿಚಿತ್ರ ದನಿಗಳು ಕೇಳಿಸಿದವು. ಅವುಗಳನ್ನು ಮುದ್ರಿಸಿಟ್ಟುಕೊಂಡು ಜೀವವಿಜ್ಞಾನಿ ರೋಜರ್ ಪೇನ್ ಅವರ ಕೈಗೆ ಕೊಟ್ಟರು. ಗೂನು ತಿಮಿಂಗಿಲಗಳು ಹಾಡುತ್ತವೆ, ಆ ಹಾಡಿಗೆ ಕ್ರಮವಿದೆ, ಪಲ್ಲವಿ ಚರಣಗಳಂತೆ ಭಾಗಗಳು ಮರಳಿ ಮರಳಿ ಬರುತ್ತವೆ ಎಂದು ಪೇನ್ ಮತ್ತು ಸ್ಕಾಟ್ ಮೆಕ್‌ವೇ ಕಂಡುಕೊಂಡರು. 1970ರಲ್ಲಿ ಆ ಹಾಡುಗಳ ಗ್ರಾಮಫೋನ್ ತಟ್ಟೆ ಬಂತು. ಆವರೆಗೆ ತಿಮಿಂಗಿಲ ಎಂದರೆ ಇಷ್ಟು ಪೀಪಾಯಿ ಎಣ್ಣೆ. ಈಗ ಅದಕ್ಕೊಂದು ದನಿ ಬಂತು.

1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆಯಿತು. ನಮ್ಮ ಪ್ರಧಾನಿ ಇಂದಿರಾ ಗಾಂಧಿಯವರು ಬಡತನ ಮತ್ತು ಪರಿಸರದ ಬಗ್ಗೆ ಮಾತನಾಡಿದ್ದು ಇದೇ ಸಮ್ಮೇಳನದಲ್ಲಿ. ತಿಮಿಂಗಿಲದ ವ್ಯಾಪಾರಿ ಬೇಟೆಯನ್ನು ಹತ್ತು ವರ್ಷ ನಿಲ್ಲಿಸಬೇಕು ಎಂಬ ನಿರ್ಣಯವೂ ಅಲ್ಲಿ ಆಯಿತು. ಆಯೋಗ ಮಾತ್ರ ಒಪ್ಪಲಿಲ್ಲ.

ಎರಡೂ ಕಡೆಯ ಮಾತು

ಈಗ ಆಲ್ಬನಿಗೆ ಮರಳೋಣ. ಗೂನು ತಿಮಿಂಗಿಲ ಮುಗಿದ ಮೇಲೆ ಅಲ್ಲಿನ ಕಂಪನಿ ಪೂರ್ತಿಯಾಗಿ ಸ್ಪರ್ಮ್ ತಿಮಿಂಗಿಲದ ಕಡೆ ತಿರುಗಿತು. ಮೇಲೆ ವಿಮಾನದಿಂದ ಹುಡುಕಾಟ, ಕೆಳಗೆ ಮೂರು ಬೇಟೆ ಹಡಗು. ಇದ್ದದ್ದು ಸುಮಾರು ನೂರು ನೌಕರರು. ಊರು ಸಣ್ಣದು, ಆದ್ದರಿಂದ ನೂರು ಸಂಬಳ ಎಂದರೆ ಅಂಗಡಿ, ಶಾಲೆ, ವರ್ಕ್‌ಶಾಪು ಎಲ್ಲದಕ್ಕೂ ಆಧಾರ.

1977ರಲ್ಲಿ ಚಳವಳಿಗಾರರು ರಬ್ಬರ್ ದೋಣಿಗಳನ್ನು ತಂದು ಹಡಗಿಗೂ ತಿಮಿಂಗಿಲಕ್ಕೂ ನಡುವೆ ನುಗ್ಗಿದರು. ತೆರೆದ ಸಮುದ್ರದಲ್ಲಿ ತಮ್ಮ ಪಕ್ಕದಲ್ಲೇ ಈಟಿ ಹಾರಿಹೋಗುವಷ್ಟು ಹತ್ತಿರ ಹೋದರು. ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಊರಿನವರಿಗೆ ಸಿಟ್ಟು ಬಂತು. ಅವರ ಕಡೆಯ ನ್ಯಾಯವನ್ನೂ ನಾವು ನೋಡಬೇಕು. ಅವರು ಕಳ್ಳತನ ಮಾಡುತ್ತಿರಲಿಲ್ಲ. ಸರ್ಕಾರ ಕೊಟ್ಟ ಪರವಾನಗಿ, ಆಯೋಗ ಕೊಟ್ಟ ಮಿತಿ, ಎರಡೂ ಇದ್ದವು. ನಿನ್ನೆಯವರೆಗೆ ದೇಶದ ಹೆಮ್ಮೆಯ ಉದ್ಯಮವಾಗಿದ್ದದ್ದು ಇಂದು ಪಾಪವಾದದ್ದು ಹೇಗೆ ಎಂದು ಅವರು ಕೇಳಿದರೆ ತಪ್ಪೇನು?

ಆಗ ಪ್ರಧಾನಿಯಾಗಿದ್ದವರು ಮಾಲ್ಕಮ್ ಫ್ರೇಸರ್. ಅವರದು ಸಂಪ್ರದಾಯವಾದಿ ಪಕ್ಷ. ತಿಮಿಂಗಿಲದ ವಿಷಯದಲ್ಲಿ ಅವರ ಮನಸ್ಸು ತಿರುಗಲು ಮಗಳ ಒತ್ತಾಯವೂ ಒಂದು ಕಾರಣ ಎಂದು ಅಲ್ಲಿ ಹೇಳುವುದುಂಟು. ಮಗಳ ಮಾತು ಕೇಳಿ ಮರುದಿನವೇ ಒಂದು ಆದೇಶ ಹೊರಡಿಸಬಹುದಿತ್ತು. ಆದರೆ ಹಾಗೆ ಮಾಡಲಿಲ್ಲ. 1978ರ ಮಾರ್ಚ್‌ನಲ್ಲಿ ಸ್ವತಂತ್ರ ವಿಚಾರಣೆಯೊಂದನ್ನು ಘೋಷಿಸಿ, ಪಪುವಾ ನ್ಯೂಗಿನಿಯ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಸಿಡ್ನಿ ಫ್ರಾಸ್ಟ್ ಅವರಿಗೆ ಒಪ್ಪಿಸಿದರು.

ಫ್ರಾಸ್ಟ್ ಆಲ್ಬನಿಗೇ ಹೋಗಿ ಕಂಪನಿಯವರ ಮಾತು ಕೇಳಿದರು. ವಿಜ್ಞಾನಿಗಳನ್ನು ಕೇಳಿದರು, ಚಳವಳಿಗಾರರನ್ನು ಕೇಳಿದರು. ಚಳವಳಿಗಾರರ ಪರವಾಗಿ ವಾದ ಮುಂದಿಟ್ಟವರಲ್ಲಿ ತತ್ವಶಾಸ್ತ್ರಜ್ಞ ಪೀಟರ್ ಸಿಂಗರ್ ಕೂಡ ಇದ್ದರು. ವಿಚಾರಣೆ ನಡೆಯುತ್ತಿದ್ದಾಗಲೇ ಕಂಪನಿ 'ನಾವು ಈ ವರ್ಷ ನಿಲ್ಲಿಸುತ್ತೇವೆ' ಎಂದು ಘೋಷಿಸಿತು. ಅಲ್ಲಿಗೆ ವಿಷಯ ಮುಗಿಯಿತು ಎಂದು ಯಾರಿಗಾದರೂ ಅನಿಸಬೇಕು. ಕಾರ್ಖಾನೆಯೇ ಇಲ್ಲದ ಮೇಲೆ ವಿಚಾರಣೆ ಯಾಕೆ?

ಫ್ರಾಸ್ಟ್ ನಿಲ್ಲಿಸಲಿಲ್ಲ. ನಷ್ಟದಿಂದ ಮುಚ್ಚಿದ ಬಾಗಿಲು ಲಾಭ ಕಂಡ ದಿನ ಮತ್ತೆ ತೆರೆಯುತ್ತದೆ. ಟಂಗಲೂಮವೂ ಮುಚ್ಚಿತ್ತು, ಅದರಿಂದ ಆಲ್ಬನಿ ನಿಂತಿರಲಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆಯೇ ಆಗಿತ್ತು: ಒಂದು ದೇಶವಾಗಿ ತಿಮಿಂಗಿಲವನ್ನು ಕೊಲ್ಲುವುದು ಸರಿಯೋ, ತಪ್ಪೋ?

1978ರ ಡಿಸೆಂಬರ್‌ನಲ್ಲಿ ಬಂದ ವರದಿಯ ಉತ್ತರ ಸ್ಪಷ್ಟವಾಗಿತ್ತು. ಕೊಲ್ಲುವ ವಿಧಾನದಲ್ಲಿ ದಯೆಯಿಲ್ಲ. ಓಡುವ, ಮುಳುಗುವ ಪ್ರಾಣಿಯ ದೇಹದೊಳಗೆ ಸ್ಫೋಟಕ ಸಿಡಿಸುವುದನ್ನು ಯಾವ ಕಸಾಯಿಖಾನೆಯ ನಿಯಮವೂ ಒಪ್ಪುವುದಿಲ್ಲ. ಇವು ದೊಡ್ಡ ಮಿದುಳಿನ, ಬುದ್ಧಿಯ ಸಾಧ್ಯತೆಯುಳ್ಳ ಪ್ರಾಣಿಗಳು. ಎಷ್ಟು ಉಳಿದಿವೆ ಎಂಬ ಲೆಕ್ಕದಲ್ಲಿ ಸಂಶಯಗಳಿವೆ. ಎಣ್ಣೆಗೆ ಬದಲಿ ವಸ್ತುಗಳು ಬಂದಿವೆ. ಮರುಭೂಮಿಯ ಹೊಹೊಬಾ ಗಿಡದ ಬೀಜದ ಎಣ್ಣೆ ಅಂಥದೊಂದು. ನಮ್ಮ ರಾಜಸ್ಥಾನದಲ್ಲೂ ಅದನ್ನು ಬೆಳೆಯುತ್ತಾರೆ. ಆದ್ದರಿಂದ ಆಸ್ಟ್ರೇಲಿಯಾ ತನ್ನ ನೀರಿನಲ್ಲಿ ಬೇಟೆಯನ್ನು ನಿಷೇಧಿಸಬೇಕು, ತಿಮಿಂಗಿಲದ ಸರಕು ಆಮದಾಗದಂತೆ ನೋಡಬೇಕು, ಜಗತ್ತಿನಾದ್ಯಂತ ಬೇಟೆ ನಿಲ್ಲಿಸಲು ದನಿ ಎತ್ತಬೇಕು.

1979ರ ಏಪ್ರಿಲ್ 4ರಂದು ಫ್ರೇಸರ್ ಸರ್ಕಾರ ಈ ಶಿಫಾರಸುಗಳನ್ನು ಒಪ್ಪಿತು. ಆವರೆಗೆ ಜಾರಿಯಲ್ಲಿದ್ದುದು 1960ರ 'ತಿಮಿಂಗಿಲ ಬೇಟೆ ಕಾಯಿದೆ'. ಅದರ ಜಾಗಕ್ಕೆ ಬಂದದ್ದು 1980ರ 'ತಿಮಿಂಗಿಲ ಸಂರಕ್ಷಣಾ ಕಾಯಿದೆ'. ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ ನೋಡಿ, ಇಪ್ಪತ್ತು ವರ್ಷಗಳಲ್ಲಿ ಆದ ಬದಲಾವಣೆ ಅಲ್ಲೇ ಇದೆ. ಹೊಸ ಕಾಯಿದೆ ದೊಡ್ಡ ತಿಮಿಂಗಿಲಗಳ ಜೊತೆಗೆ ಡಾಲ್ಫಿನ್‌ಗಳಿಗೂ ರಕ್ಷಣೆ ಕೊಟ್ಟಿತು. ಇದು ಸಣ್ಣ ಮಾತಲ್ಲ. ಡಾಲ್ಫಿನ್‌ನಂಥ ಸಣ್ಣ ಜಾತಿಗಳು ತನ್ನ ಅಧಿಕಾರಕ್ಕೆ ಬರುತ್ತವೆಯೇ ಎಂಬ ಬಗ್ಗೆ ಆಯೋಗದಲ್ಲಿ ಒಮ್ಮತ ಮೂಡಿಲ್ಲ. ದೇಶಗಳೇ ಕಾನೂನು ಮಾಡಿದರೆ ಅವು ಉಳಿಯುತ್ತವೆ, ಇಲ್ಲದಿದ್ದರೆ ಇಲ್ಲ. ನಮ್ಮಲ್ಲಿ ಗಂಗಾ ಡಾಲ್ಫಿನ್‌ಗೆ 1972ರ ಕಾಯಿದೆಯಲ್ಲೇ ರಕ್ಷಣೆ ಸಿಕ್ಕಿತ್ತು. ಮುಂದೆ ಅದು ರಾಷ್ಟ್ರೀಯ ಜಲಚರವೂ ಆಯಿತು.

ಹೇಗ್‌ನ ಕಟಕಟೆಯಲ್ಲಿ

ಬೇಟೆಗಾರ ದೇಶವೊಂದು ಬದಿ ಬದಲಿಸಿದ್ದು ಆಯೋಗದಲ್ಲಿ ತೂಕ ತಂದಿತು. 1979ರಲ್ಲೇ ಸೇಷೆಲ್ಸ್ ಎಂಬ ಪುಟ್ಟ ದ್ವೀಪರಾಷ್ಟ್ರದ ಪ್ರಸ್ತಾಪದ ಮೇಲೆ ಹಿಂದೂ ಮಹಾಸಾಗರ ತಿಮಿಂಗಿಲಗಳ ಅಭಯಧಾಮವಾಯಿತು. ನಮ್ಮ ಅರಬ್ಬಿ ಸಮುದ್ರವೂ ಬಂಗಾಳ ಕೊಲ್ಲಿಯೂ ಅದರೊಳಗೇ ಬರುತ್ತವೆ. ಭಾರತ 1981ರಲ್ಲಿ ಆಯೋಗವನ್ನು ಸೇರಿತು. 1982ರಲ್ಲಿ 25 ಮತಗಳು ಪರ, 7 ವಿರೋಧ, 5 ತಟಸ್ಥ: ವ್ಯಾಪಾರಿ ಬೇಟೆಗೆ ತಡೆ ಬಿತ್ತು. ಭಾರತದ ಮತ ತಡೆಯ ಪರವಾಗಿತ್ತು. 1985-86ರ ಹಂಗಾಮಿನಿಂದ ಅದು ಜಾರಿಗೆ ಬಂತು.

ತಡೆಗೆ ಒಂದು ಕಿಂಡಿಯಿತ್ತು. ವಿಜ್ಞಾನದ ಸಂಶೋಧನೆಗಾಗಿ ಕೊಲ್ಲಲು 1946ರ ಒಪ್ಪಂದದಲ್ಲೇ ಅವಕಾಶವಿತ್ತು. ಜಪಾನ್ ಅದನ್ನು ಹಿಡಿದುಕೊಂಡು ಅಂಟಾರ್ಕ್ಟಿಕ್‌ನಲ್ಲಿ ವರ್ಷಕ್ಕೆ ನೂರಾರು ಮಿಂಕಿ ತಿಮಿಂಗಿಲಗಳನ್ನು ಕೊಂದು, ಮಾಂಸವನ್ನು ಮಾರುತ್ತಿತ್ತು. 2010ರಲ್ಲಿ ಆಸ್ಟ್ರೇಲಿಯಾ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ಬಾಗಿಲು ತಟ್ಟಿತು. 2014ರ ಮಾರ್ಚ್ 31ರಂದು ತೀರ್ಪು ಬಂತು. ಆ ಬೇಟೆ ಒಪ್ಪಂದ ಹೇಳುವ ವಿಜ್ಞಾನದ ಉದ್ದೇಶಕ್ಕೆ ಹೊಂದುವುದಿಲ್ಲ, ಪರವಾನಗಿಗಳನ್ನು ಹಿಂತೆಗೆದುಕೊಳ್ಳಿ ಎಂದು 12-4ರ ಬಹುಮತ ಹೇಳಿತು. ಬಹುಮತದಲ್ಲಿ ಭಾರತದ ನ್ಯಾಯಮೂರ್ತಿ ದಲ್ವೀರ್ ಭಂಡಾರಿಯವರೂ ಇದ್ದರು.

ಆದರೆ ಕಥೆ ಸುಖಾಂತವಲ್ಲ. ಜಪಾನ್ ಹೊಸ ಯೋಜನೆ ಹೆಣೆದು ಮತ್ತೆ ಹೊರಟಿತು. 2019ರಲ್ಲಿ ಆಯೋಗವನ್ನೇ ಬಿಟ್ಟು, ಅಂಟಾರ್ಕ್ಟಿಕ್ ಬೇಟೆಯನ್ನು ಕೈಬಿಟ್ಟು, ತನ್ನದೇ ಕಡಲಿನಲ್ಲಿ ವ್ಯಾಪಾರಿ ಬೇಟೆ ಶುರುಮಾಡಿತು. ನಾರ್ವೆ 1982ರ ತಡೆಯನ್ನು ಒಪ್ಪಿಯೇ ಇಲ್ಲ. ಅಂತಾರಾಷ್ಟ್ರೀಯ ನಿಯಮಕ್ಕೆ ದೇಶಗಳ ಒಪ್ಪಿಗೆಯೇ ಬಲ. ಒಪ್ಪದವರನ್ನು ಕಟ್ಟಿಹಾಕುವ ಹಗ್ಗ ಯಾರ ಬಳಿಯೂ ಇಲ್ಲ.

ಹಾಗಾದರೆ ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? 1960ರ ದಶಕದ ಆರಂಭದಲ್ಲಿ ಪೂರ್ವ ಆಸ್ಟ್ರೇಲಿಯಾದ ದಾರಿಯಲ್ಲಿ ಕೆಲವೇ ನೂರು ಗೂನು ತಿಮಿಂಗಿಲಗಳು ಉಳಿದಿದ್ದವು. ಈಗ ಅವು 40 ಸಾವಿರದ ಸುಮಾರಿಗಿವೆ ಎಂಬುದು ವಿಜ್ಞಾನಿಗಳ ಅಂದಾಜು. 2022ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಆ ಜಾತಿಯನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಿಂದಲೇ ತೆಗೆಯಿತು. ಅಂಟಾರ್ಕ್ಟಿಕ್‌ನ ನೀಲಿ ತಿಮಿಂಗಿಲ ಮಾತ್ರ ಇನ್ನೂ ಚೇತರಿಸಿಕೊಂಡಿಲ್ಲ. ಕೆಲವು ನಷ್ಟಗಳನ್ನು ತುಂಬಲು ಒಂದು ತಲೆಮಾರು ಸಾಲದು.

ಆಲ್ಬನಿಯಲ್ಲಿ ಕೆಲಸ ಕಳೆದುಕೊಂಡವರಿಗೆ ಆ ವರ್ಷಗಳು ಸುಲಭವಾಗಿರಲಿಲ್ಲ. ಆದರೆ ಊರು ಉಳಿಯಿತು. ಹಳೆಯ ಕಾರ್ಖಾನೆ ಈಗ ವಸ್ತುಸಂಗ್ರಹಾಲಯ. 'ಚೇನ್ಸ್ 4' ಎಂಬ ಬೇಟೆ ಹಡಗು ದಡದ ಮೇಲೆ ನಿಂತಿದೆ. ಪ್ರವಾಸಿಗರು ಅದರ ಮೂತಿಯಲ್ಲಿರುವ ಫಿರಂಗಿಯನ್ನು ಮುಟ್ಟಿ ನೋಡಿ, ಆಮೇಲೆ ದೋಣಿ ಹತ್ತಿ ಜೀವಂತ ತಿಮಿಂಗಿಲ ನೋಡಲು ಹೋಗುತ್ತಾರೆ.

ಕೇಳುಗರೇ, ಈ ಕಥೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದೇ. ಒಳ್ಳೆಯದು ತಾನಾಗಿಯೇ ಆಗಿಬಿಟ್ಟಾಗ ಸಮಾಧಾನಪಟ್ಟು ಸುಮ್ಮನಾಗುವುದು ಎಲ್ಲ ಸರ್ಕಾರಗಳಿಗೂ ಸುಲಭ, ನಮಗೂ ಸುಲಭ. ನಷ್ಟದ ಭಯದಿಂದ ನಿಂತದ್ದನ್ನು ನ್ಯಾಯದ ಕಾರಣದಿಂದ ನಿಲ್ಲಿಸಬೇಕು, ಅದೂ ನಷ್ಟ ಅನುಭವಿಸುವವರ ಮಾತನ್ನು ಪೂರ್ತಿ ಕೇಳಿದ ಮೇಲೆ ನಿಲ್ಲಿಸಬೇಕು ಎಂದು ಆಲ್ಬನಿಯ ವಿಚಾರಣೆ ತೋರಿಸಿತು. ಆ ಬೀಗ ನಾಲ್ಕು ದಶಕ ದಾಟಿದರೂ ಹಾಗೇ ಇದೆ, ಯಾವ ಪಕ್ಷದ ಸರ್ಕಾರವೂ ಅದನ್ನು ತೆಗೆದಿಲ್ಲ. ಇಂದು ತಿಮಿಂಗಿಲ, ಡಾಲ್ಫಿನ್‌ಗಳನ್ನು ಕಾಡುತ್ತಿರುವುದು ಈಟಿಗಿಂತ ಹೆಚ್ಚಾಗಿ ಬಲೆ, ಹಡಗಿನ ಡಿಕ್ಕಿ, ಇಂಜಿನ್ನಿನ ಸದ್ದು. ಇವುಗಳ ಬಗ್ಗೆ ಇಂಥ ಇನ್ನೊಂದು ವಿಚಾರಣೆ ಎಲ್ಲಾದರೂ ನಡೆಯಬೇಕಾಗಿದೆ.

ಮುಂದಿನ ಸಲ ಜುಹುವಿನಲ್ಲೋ ಮರೀನಾದಲ್ಲೋ ಸಂಜೆ ನಿಂತಾಗ, ಅಲೆಯ ಸದ್ದಿನ ಆಚೆ ಇನ್ನೊಂದು ಹಾಡೂ ಇದೆ ಎಂಬುದನ್ನು ನೆನೆಯಿರಿ.